ಬ್ಯಾಟರಿಯ ಎಲ್‌ಇಡಿ ಸರಕ್ಕೆ ಗೋಡೆಯ ಅಡಾಪ್ಟರ್ ಜೋಡಿಸುವ ಕ್ರಮ

ಎರಡೋ ಮೂರೋ ಪೆನ್‌ಸೆಲ್‌ಗಳಿಂದ ಉರಿಯುವ, ತೆಳು ತಾಮ್ರದ ತಂತಿಯಲ್ಲಿ ಸಣ್ಣ ಸಣ್ಣ ಎಲ್‌ಇಡಿಗಳನ್ನು ಪೋಣಿಸಿದ ದೀಪದ ಸರಗಳು ಈಗ ಅನೇಕ ಮನೆಗಳಲ್ಲಿವೆ. ಹೊಸ ಸೆಲ್ ಹಾಕಿದ ದಿನ ಅವು ಎಷ್ಟು ಪ್ರಕಾಶಮಾನವಾಗಿ ಕಾಣುತ್ತವೆಯೋ ಮೂರನೆಯ ದಿನ ಅಷ್ಟು ಕಾಣುವುದಿಲ್ಲ. ವಾರ ತುಂಬುವಷ್ಟರಲ್ಲಿ ಸೆಲ್ ಬದಲಾಯಿಸಬೇಕಾಗುತ್ತದೆ. ಇದಕ್ಕೆ ಸರದ ದೋಷ ಕಾರಣವಲ್ಲ. 60 ಮಿಲಿಆಂಪಿಯರ್ ಎಳೆಯುವ ಸರವೊಂದಕ್ಕೆ ಸುಮಾರು 2000 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಪೆನ್‌ಸೆಲ್‌ಗಳನ್ನು ಹಾಕಿದರೆ ಸಿಗುವುದು ಸುಮಾರು 33 ಗಂಟೆಗಳ ಬೆಳಕು ಮಾತ್ರ. ದಿನಕ್ಕೆ ಆರು ಗಂಟೆ ಉರಿಸುವವರು ಆರನೆಯ ದಿನಕ್ಕೆ ಮತ್ತೊಂದು ಜೊತೆ ಸೆಲ್ ಹುಡುಕಬೇಕು.

ಒಂದೇ ಜಾಗದಲ್ಲಿ ಕಾಯಂ ಆಗಿ ತೂಗುಹಾಕಿದ ಸರವನ್ನು ಗೋಡೆಯ ಸಾಕೆಟ್‌ಗೆ ಹಾಕುವ ಅಡಾಪ್ಟರಿನಿಂದ ಉರಿಸುವುದು ಕಷ್ಟದ ಕೆಲಸವಲ್ಲ. ಆದರೆ ಕೈಗೆ ಸಿಕ್ಕ ಹಳೆಯ ಮೊಬೈಲ್ ಚಾರ್ಜರಿನ ವೈರ್ ಕತ್ತರಿಸಿ ನೇರವಾಗಿ ಸೇರಿಸಿದಾಗ ಒಂದು ಸರ ವರ್ಷಗಟ್ಟಲೆ ಉರಿಯುತ್ತದೆ, ಇನ್ನೊಂದು ಸರ ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ ಬೀರಿ ಆರಿಹೋಗುತ್ತದೆ. ಈ ವ್ಯತ್ಯಾಸ ಏಕೆ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಪ್ರತಿಯೊಂದು ಹೆಜ್ಜೆಯೂ ಸುಲಭವಾಗುತ್ತದೆ.

ಅದಕ್ಕೂ ಮುಂಚೆ ಒಂದು ಗಡಿಯನ್ನು ಸ್ಪಷ್ಟವಾಗಿ ಹಾಕಿಕೊಳ್ಳಬೇಕು. ಈ ಲೇಖನ ಬ್ಯಾಟರಿಯಿಂದ ಉರಿಯುವ ಸರಗಳಿಗೆ ಮಾತ್ರ ಸಂಬಂಧಿಸಿದ್ದು. ನೇರವಾಗಿ ಗೋಡೆಯ ಸಾಕೆಟ್‌ಗೆ ಚುಚ್ಚುವ ಸೀರಿಯಲ್ ಸೆಟ್‌ಗಳಲ್ಲಿ ಹತ್ತಾರು ಎಲ್‌ಇಡಿಗಳು ಒಂದರ ಹಿಂದೆ ಒಂದರಂತೆ ಸೇರಿರುತ್ತವೆ, ಮನೆಯ ಲೈನಿನ ಪೂರ್ತಿ ವೋಲ್ಟೇಜ್ ಆ ವೈರುಗಳಲ್ಲಿ ಇರುತ್ತದೆ. ಅಂಥ ಸೆಟ್ಟಿನ ಕಂಟ್ರೋಲ್ ಡಬ್ಬಿಯಿಂದ ಹೊರಡುವ ವೈರನ್ನು ಬ್ಯಾಟರಿ ಸರಕ್ಕೆ ಎಂದಿಗೂ ಸೇರಿಸಬಾರದು. ಬ್ಯಾಟರಿ ಸರದ ತಂತಿಯ ಮೇಲಿರುವುದು ವಾರ್ನಿಷ್‌ನಷ್ಟು ತೆಳುವಾದ ಲೇಪ. ಅದು ಕೆಲವೇ ವೋಲ್ಟುಗಳಿಗೆಂದು ಮಾಡಿದ್ದು, ಮುಟ್ಟಿದವರನ್ನು ಮನೆಯ ಲೈನಿನಿಂದ ಕಾಪಾಡುವಂಥದ್ದಲ್ಲ.

ಸರದೊಳಗೆ ಏನಿದೆ

ಬಿಳಿ, ನೀಲಿ ಮತ್ತು ಹಸಿರು ಎಲ್‌ಇಡಿಗಳು ಬೆಳಗಲು ಸುಮಾರು 2.8ರಿಂದ 3.4 ವೋಲ್ಟ್ ಬೇಕು. ಕೆಂಪು ಮತ್ತು ಹಳದಿಗೆ 1.8ರಿಂದ 2.2 ವೋಲ್ಟ್ ಸಾಕು. ತಾಮ್ರದ ತಂತಿಯ ಸರದಲ್ಲಿ ಎಲ್ಲ ಎಲ್‌ಇಡಿಗಳೂ ಎರಡು ತಂತಿಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಪ್ಯಾರಲಲ್ ಆಗಿ ಕೂತಿರುತ್ತವೆ. ಹೀಗಾಗಿ ಇಪ್ಪತ್ತು ದೀಪಗಳಿರಲಿ ನೂರು ದೀಪಗಳಿರಲಿ, ಸರಕ್ಕೆ ಬೇಕಾದ ವೋಲ್ಟೇಜ್ ಒಂದೇ. ದೀಪಗಳ ಸಂಖ್ಯೆಯೊಂದಿಗೆ ಬೆಳೆಯುವುದು ಕರೆಂಟ್ ಮಾತ್ರ.

ಎಲ್‌ಇಡಿಯ ಸ್ವಭಾವ ಸಾಮಾನ್ಯ ಬಲ್ಬಿನದಲ್ಲ. ಅದಕ್ಕೆ ಬೇಕಾದ ವೋಲ್ಟೇಜಿನ ಮಟ್ಟವನ್ನು ದಾಟಿದ ಮೇಲೆ, ವೋಲ್ಟೇಜನ್ನು ಸ್ವಲ್ಪ ಹೆಚ್ಚಿಸಿದರೂ ಕರೆಂಟ್ ಬಹಳ ಹೆಚ್ಚುತ್ತದೆ. ಅದನ್ನು ತಡೆಹಿಡಿಯಲು ಬ್ಯಾಟರಿ ಡಬ್ಬಿಯೊಳಗೆ ಸ್ವಿಚ್ಚಿನ ಪಕ್ಕದಲ್ಲಿ ಒಂದು ಸಣ್ಣ ರೆಸಿಸ್ಟರ್ ಇರುತ್ತದೆ. ಸರದ ಆಯುಷ್ಯವೆಲ್ಲ ನಿಂತಿರುವುದು ಈ ರೆಸಿಸ್ಟರಿನ ಮೇಲೆ. ಎರಡು ಸೆಲ್ಲಿನ ಸರಗಳಲ್ಲಿ ಅದರ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ಕೆಲವೇ ಓಮ್ ಇರುತ್ತದೆ, ಏಕೆಂದರೆ ಅಲ್ಲಿ ಇಳಿಸಬೇಕಾದ ವೋಲ್ಟೇಜ್ ತೀರ ಕಡಿಮೆ. ಮೂರು ಸೆಲ್ಲಿನ ಸರಗಳಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ.

ಮೂರು ಸೆಲ್ಲಿನ ಒಂದು ಸರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಲ್‌ಇಡಿಗಳು 2.9 ವೋಲ್ಟಿನಲ್ಲಿ ಉರಿಯುತ್ತಿವೆ, ಡಬ್ಬಿಯ ರೆಸಿಸ್ಟರ್ 20 ಓಮ್ ಎಂದುಕೊಂಡರೆ, ಹೊಸ ಸೆಲ್‌ಗಳು ಕೊಡುವ 4.7 ವೋಲ್ಟಿನಲ್ಲಿ ರೆಸಿಸ್ಟರಿನ ಪಾಲಿಗೆ ಉಳಿಯುವುದು 1.8 ವೋಲ್ಟ್, ಆಗ ಕರೆಂಟ್ 90 ಮಿಲಿಆಂಪಿಯರ್. ಇದೇ ಸರಕ್ಕೆ 5 ವೋಲ್ಟ್ ಕೊಟ್ಟರೆ ಕರೆಂಟ್ 105 ಮಿಲಿಆಂಪಿಯರ್ ಆಸುಪಾಸಿಗೆ ಏರುತ್ತದೆ. ಹೆಚ್ಚಳ ಇದೆ, ಆದರೆ ತಕ್ಷಣ ಅಪಾಯವಾಗುವಷ್ಟಲ್ಲ.

ಈಗ ಎರಡು ಸೆಲ್ಲಿನ ಸರವನ್ನು ನೋಡಿ. ರೆಸಿಸ್ಟರ್ 5 ಓಮ್, ಎಲ್‌ಇಡಿ 2.8 ವೋಲ್ಟ್, ಹೊಸ ಸೆಲ್‌ಗಳ ಜೋಡಿ 3.1 ವೋಲ್ಟ್. ಆಗಿನ ಕರೆಂಟ್ 60 ಮಿಲಿಆಂಪಿಯರ್. ಇದಕ್ಕೆ 5 ವೋಲ್ಟ್ ಕೊಟ್ಟಾಗ ಎಲ್‌ಇಡಿಯ ಪಾಲು 3.2 ವೋಲ್ಟಿಗೆ ಏರಿದರೂ ರೆಸಿಸ್ಟರಿನ ಮೇಲೆ 1.8 ವೋಲ್ಟ್ ಬೀಳುತ್ತದೆ. ಕರೆಂಟ್ 360 ಮಿಲಿಆಂಪಿಯರ್, ಅಂದರೆ ಆರು ಪಟ್ಟು. ರೆಸಿಸ್ಟರ್ ಸುಮಾರು 0.65 ವ್ಯಾಟ್ ಶಾಖವನ್ನು ಹೊರಹಾಕಬೇಕಾಗುತ್ತದೆ, ಆದರೆ ಡಬ್ಬಿಯಲ್ಲಿ ಇರುವುದು ಹೆಚ್ಚೆಂದರೆ ಕಾಲು ವ್ಯಾಟಿನದು. ಅನೇಕರು ಎಲ್‌ಇಡಿ ಸುಟ್ಟಿತು ಎಂದು ಸರವನ್ನೇ ಎಸೆಯುತ್ತಾರೆ. ಡಬ್ಬಿ ಬಿಚ್ಚಿ ನೋಡಿದರೆ ಎಷ್ಟೋ ಸಲ ಕಪ್ಪಾಗಿರುವುದು ಈ ರೆಸಿಸ್ಟರ್ ಮಾತ್ರ, ದೀಪಗಳು ಇನ್ನೂ ಚೆನ್ನಾಗಿಯೇ ಇರುತ್ತವೆ.

ಗುಂಡಿ ಸೆಲ್ಲಿನ ಸರಗಳ ವಿಷಯ ಇದಕ್ಕಿಂತ ಸೂಕ್ಷ್ಮ. ಸಿಆರ್2032ರಂಥ 3 ವೋಲ್ಟಿನ ಗುಂಡಿ ಸೆಲ್ಲಿಗೆ ಒಳಗಡೆಯೇ ಹತ್ತಾರು ಓಮ್‌ಗಳಷ್ಟು ರೋಧ ಇರುತ್ತದೆ. ಅದನ್ನೇ ನಂಬಿಕೊಂಡು ತಯಾರಕರು ಬೇರೆ ರೆಸಿಸ್ಟರನ್ನೇ ಹಾಕದೆ ಬಿಡುವುದುಂಟು. ಅಂಥ ಸರಕ್ಕೆ ಎರಡು ಗುಂಡಿ ಸೆಲ್ ಹಾಕಲಾಗುತ್ತದೆ, ಆದ್ದರಿಂದ 6 ವೋಲ್ಟಿನ ಅಡಾಪ್ಟರ್ ಸರಿಹೋಗುತ್ತದೆ ಎಂದು ಲೆಕ್ಕಹಾಕಿದರೆ ಎಲ್‌ಇಡಿಗಳು ಕ್ಷಣದಲ್ಲಿ ನಾಶವಾಗುತ್ತವೆ. ಸೆಲ್ಲಿನ ಮೇಲೆ ಬರೆದ ವೋಲ್ಟ್ ಒಂದು, ಉರಿಯುವಾಗ ಸರಕ್ಕೆ ನಿಜವಾಗಿ ತಲುಪುವ ವೋಲ್ಟ್ ಇನ್ನೊಂದು. ಅಡಾಪ್ಟರ್ ಆರಿಸುವಾಗ ನಮಗೆ ಬೇಕಾದದ್ದು ಎರಡನೆಯದು.

ಮೊದಲ ಹೆಜ್ಜೆ: ಸರವನ್ನು ಗುರುತಿಸುವುದು

ಡಬ್ಬಿಯ ಮುಚ್ಚಳ ತೆಗೆದು ಸೆಲ್‌ಗಳ ಸಂಖ್ಯೆ ಎಣಿಸಿ. ಎರಡು ಪೆನ್‌ಸೆಲ್ ಇದ್ದರೆ 3 ವೋಲ್ಟ್, ಮೂರಿದ್ದರೆ 4.5, ನಾಲ್ಕಿದ್ದರೆ 6 ವೋಲ್ಟ್. ಪೆನ್‌ಸೆಲ್ ಸಣ್ಣ ಗಾತ್ರದ್ದಾದರೂ ಈ ಲೆಕ್ಕ ಬದಲಾಗುವುದಿಲ್ಲ. ಸೆಲ್‌ಗಳು ಒಂದಕ್ಕೊಂದು ತಲೆಕೆಳಗಾಗಿ ಕೂತಿದ್ದು, ಒಂದರ ಚಪ್ಪಟೆ ತಗಡು ಪಕ್ಕದ ಸೆಲ್ಲಿನ ಸ್ಪ್ರಿಂಗಿಗೆ ಸೇರಿದ್ದರೆ ಅವು ಸೀರೀಸ್‌ನಲ್ಲಿವೆ, ಅಂದರೆ ಒಂದರ ಹಿಂದೆ ಒಂದಾಗಿ ಸೇರಿವೆ ಎಂದರ್ಥ. ಬಹುಪಾಲು ಡಬ್ಬಿಗಳು ಹೀಗೆಯೇ ಇರುತ್ತವೆ.

ಸೌರ ಫಲಕದ ಸರವಾಗಿದ್ದು, ಒಳಗೆ ಒಂದೇ ಒಂದು 1.2 ವೋಲ್ಟಿನ ರೀಚಾರ್ಜ್ ಸೆಲ್ ಇದ್ದರೆ, ಅದು ಬೇರೆಯೇ ಜಾತಿ. ಅಲ್ಲಿ ಸಣ್ಣ ಚಿಪ್ ಮತ್ತು ಸುರುಳಿ ಸೇರಿ ಆ 1.2 ವೋಲ್ಟನ್ನು ಎಲ್‌ಇಡಿ ಬೆಳಗುವ ಮಟ್ಟಕ್ಕೆ ಏರಿಸುತ್ತಿರುತ್ತವೆ. ಆ ಸೆಲ್ಲಿನ ಜಾಗದಲ್ಲಿ 3 ಅಥವಾ 5 ವೋಲ್ಟ್ ಕೊಡಬಾರದು. ಅದನ್ನು ಸೌರಶಕ್ತಿಗೇ ಬಿಡುವುದು ಒಳ್ಳೆಯದು.

ಇನ್ನು ರಿಮೋಟ್ ಇರುವ, ಎಂಟು ಬಗೆಯಲ್ಲಿ ಮಿನುಗುವ ಸರಗಳು. ಇವುಗಳಲ್ಲಿ ಅನೇಕವುಗಳ ಅರ್ಧದಷ್ಟು ಎಲ್‌ಇಡಿಗಳು ಒಂದು ದಿಕ್ಕಿಗೂ ಉಳಿದರ್ಧ ವಿರುದ್ಧ ದಿಕ್ಕಿಗೂ ಕೂತಿರುತ್ತವೆ. ಡಬ್ಬಿಯೊಳಗಿನ ಚಿಪ್ ಕರೆಂಟಿನ ದಿಕ್ಕನ್ನು ವೇಗವಾಗಿ ಅದಲುಬದಲು ಮಾಡುತ್ತ ಎರಡೂ ಗುಂಪುಗಳನ್ನು ಬೆಳಗಿಸುತ್ತದೆ. ಡಬ್ಬಿಯನ್ನು ಕತ್ತರಿಸಿ ಹಾಕಿ ತಂತಿಗೆ ನೇರವಾಗಿ ಅಡಾಪ್ಟರ್ ಸೇರಿಸಿದರೆ ಒಂದು ಬಿಟ್ಟು ಒಂದರಂತೆ ಅರ್ಧ ದೀಪಗಳು ಮಾತ್ರ ಉರಿಯುತ್ತವೆ. ಇಂಥ ಸರವಿರಲಿ, ಸಾದಾ ಸರವಿರಲಿ, ನನ್ನ ಸಲಹೆ ಒಂದೇ: ಡಬ್ಬಿಯನ್ನು ಕತ್ತರಿಸಬೇಡಿ. ರೆಸಿಸ್ಟರ್, ಸ್ವಿಚ್, ಟೈಮರ್, ಚಿಪ್ ಎಲ್ಲವೂ ಅದರೊಳಗಿವೆ. ಅಡಾಪ್ಟರಿನ ವಿದ್ಯುತ್ತನ್ನು ಸೆಲ್ ಕೂರುವ ಜಾಗಕ್ಕೆ ಕೊಟ್ಟರೆ ಸರಕ್ಕೆ ತನ್ನ ಎಂದಿನ ಸೆಲ್‌ಗಳೇ ಇದ್ದಂತೆ ಆಗುತ್ತದೆ.

ಎರಡನೆಯ ಹೆಜ್ಜೆ: ಅಳತೆ

ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಈ ಕೆಲಸದಲ್ಲಿ ಊಹೆಗೆ ಜಾಗವೇ ಇರುವುದಿಲ್ಲ. ಡಬ್ಬಿಗೆ ಹೊಸ ಆಲ್ಕಲೈನ್ ಸೆಲ್ ಹಾಕಿ ಸರವನ್ನು ಉರಿಸಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ, ಡಬ್ಬಿಯ ತಗಡುಗಳನ್ನು ಎರಡೆರಡಾಗಿ ಮುಟ್ಟಿ ನೋಡಿ. ಯಾವ ಎರಡು ತಗಡುಗಳ ನಡುವೆ ಪೂರ್ತಿ ವೋಲ್ಟೇಜ್ (ಎರಡು ಸೆಲ್ಲಿನದಾದರೆ 3 ವೋಲ್ಟಿಗಿಂತ ಸ್ವಲ್ಪ ಹೆಚ್ಚು, ಮೂರರದಾದರೆ 4.6 ಅಥವಾ 4.7) ತೋರಿಸುತ್ತದೆಯೋ ಅವೇ ಡಬ್ಬಿಯ ಕೊನೆಯ ತುದಿಗಳು. ಕೆಂಪು ಕಡ್ಡಿ ಇರುವ ಕಡೆ ಧನ, ಕಪ್ಪು ಕಡ್ಡಿಯ ಕಡೆ ಋಣ. ಮೀಟರ್ ಮೈನಸ್ ಚಿಹ್ನೆ ತೋರಿಸಿದರೆ ಅದಲುಬದಲು. ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ತುದಿ ಋಣ. ಮುಂದೆ ಮರೆಯದಂತೆ ಈ ಎರಡನ್ನೂ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ.

ಕರೆಂಟ್ ಅಳೆಯಲು ಸ್ವಲ್ಪ ತಾಳ್ಮೆ ಬೇಕು. ತೆಳು ಪ್ಲಾಸ್ಟಿಕ್ಕಿನ ಪಟ್ಟಿಯೊಂದರ ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಎರಡು ಹಾಳೆಗಳು ಅಂಚಿನಲ್ಲಿ ಒಂದನ್ನೊಂದು ಮುಟ್ಟದಂತೆ ನೋಡಿಕೊಂಡು, ಸೆಲ್ಲಿಗೂ ತಗಡಿಗೂ ನಡುವೆ ಸಿಕ್ಕಿಸಿ. ಮೀಟರನ್ನು ಡಿಸಿ ಮಿಲಿಆಂಪಿಯರಿನ ಸ್ಥಾನಕ್ಕೆ ತಿರುಗಿಸಿ, ಅದರ ಕೆಂಪು ವೈರನ್ನು ಮಿಲಿಆಂಪಿಯರ್ ರಂಧ್ರಕ್ಕೆ ಬದಲಾಯಿಸಿ, ಒಂದೊಂದು ಕಡ್ಡಿಯನ್ನು ಒಂದೊಂದು ಹಾಳೆಗೆ ಒತ್ತಿದರೆ ಸರ ಉರಿದು ಕರೆಂಟ್ ಕಾಣಿಸುತ್ತದೆ. ಮಿನುಗುವ ಸರವಾದರೆ ಅದನ್ನು ಒಂದೇ ಸಮನೆ ಉರಿಯುವ ಸ್ಥಿತಿಯಲ್ಲಿಟ್ಟು ಅಳೆಯಬೇಕು. ಅಳತೆ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ರಂಧ್ರಕ್ಕೆ ಮರಳಿಸಿ. ಇದನ್ನು ಮರೆತು ಮುಂದಿನ ಸಲ ವೋಲ್ಟೇಜ್ ಅಳೆಯಲು ಹೋದರೆ ಮೀಟರ್ ಶಾರ್ಟ್ ಆದ ವೈರಿನಂತೆಯೇ ವರ್ತಿಸಿ ಒಳಗಿನ ಫ್ಯೂಸ್ ಸುಟ್ಟುಹೋಗುತ್ತದೆ. ಮೀಟರಿನಲ್ಲೇ ಕೊಂಚ ವೋಲ್ಟೇಜ್ ಇಳಿಯುವುದರಿಂದ ಓದಿಕೆ ನಿಜಕ್ಕಿಂತ ತುಸು ಕಡಿಮೆ ಬರುತ್ತದೆ. ನಮ್ಮ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ.

ಸಿಕ್ಕ ಎರಡು ಅಂಕಿಗಳನ್ನು, ಉದಾಹರಣೆಗೆ 3.1 ವೋಲ್ಟ್ ಮತ್ತು 60 ಮಿಲಿಆಂಪಿಯರ್ ಎಂದು, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಈ ಅಂಕಿಗಳಿಗೆ ಹೊಂದಿಸುವ ಕೆಲಸ. ಅಡಾಪ್ಟರ್ ಸೇರಿಸಿದ ಮೇಲೂ ಇವಕ್ಕಿಂತ ಹೆಚ್ಚು ಬರಬಾರದು. ಸ್ವಲ್ಪ ಕಡಿಮೆ ಬಂದರೆ ಬೆಳಕು ತುಸು ಮಂದವಾಗಬಹುದು, ಆದರೆ ಎಲ್‌ಇಡಿಗಳು ತಂಪಾಗಿದ್ದು ಹೆಚ್ಚು ಕಾಲ ಬಾಳುತ್ತವೆ. ಬ್ಯಾಟರಿಯಲ್ಲಿ ಹೊಸ ಸೆಲ್ಲಿನ ಪೂರ್ತಿ ವೋಲ್ಟೇಜ್ ಕೆಲವು ಗಂಟೆ ಮಾತ್ರ ಇದ್ದು ಮತ್ತೆ ಇಳಿಯುತ್ತ ಹೋಗುತ್ತದೆ, ಅಡಾಪ್ಟರಿನಲ್ಲಿ ಹಾಗೆ ಇಳಿಯುವುದೇ ಇಲ್ಲ. ಆದ್ದರಿಂದ ನಾನು ಯಾವಾಗಲೂ ಹೊಸ ಸೆಲ್ಲಿನ ಕರೆಂಟಿಗಿಂತ ಕೊಂಚ ಕೆಳಗೇ ನಿಲ್ಲಿಸುತ್ತೇನೆ.

ಮೂರನೆಯ ಹೆಜ್ಜೆ: ಅಡಾಪ್ಟರ್ ಆರಿಸುವುದು

ಅಡಾಪ್ಟರಿನ ಮೈಮೇಲಿನ ಚೀಟಿಯಲ್ಲಿ ಔಟ್‌ಪುಟ್ ಎಂಬ ಸಾಲನ್ನು ಓದಿ. ವೋಲ್ಟಿನ ಪಕ್ಕದಲ್ಲಿ ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆಗಳು ಇದ್ದರೆ ಅದು ಡಿಸಿ, ನಮಗೆ ಬೇಕಾದದ್ದು. ಅಲೆಯ ಚಿಹ್ನೆ ಇದ್ದರೆ ಎಸಿ, ಅದು ಬೇಡ. ಒಂದರೊಳಗೊಂದು ಚೌಕ ಇರುವ ಗುರುತು ಎರಡು ಪದರದ ನಿರೋಧನ ಇದೆ ಎಂಬುದನ್ನು ಹೇಳುತ್ತದೆ. ತಂತಿ ಮೈಗೆ ತಾಗುವಂಥ ಸರಕ್ಕೆ ಈ ಗುರುತು ಇರುವ, ಮಾನ್ಯ ಸುರಕ್ಷತಾ ಪ್ರಮಾಣ ಪಡೆದ ಅಡಾಪ್ಟರನ್ನೇ ಬಳಸಬೇಕು. ಹೆಸರು ವಿಳಾಸವಿಲ್ಲದ, ಕೈಯಲ್ಲಿ ಹಿಡಿದರೆ ಹತ್ತಿಯಂತೆ ಹಗುರವಾದ ಅಡಾಪ್ಟರುಗಳನ್ನು ದೂರವಿಡಿ. ಅಂಥವುಗಳಲ್ಲಿ ಮನೆಯ ಲೈನಿಗೂ ಹೊರಬರುವ ವೈರಿಗೂ ನಡುವಿನ ಅಂತರವೇ ಸಾಲದೆ ಇರಬಹುದು.

ವೋಲ್ಟ್ ಮತ್ತು ಆಂಪಿಯರ್ ಎರಡಕ್ಕೂ ನಿಯಮ ಬೇರೆ ಬೇರೆ. ವೋಲ್ಟ್ ಹೊಂದಲೇಬೇಕು. ಆಂಪಿಯರ್ ಮಾತ್ರ ಸರಕ್ಕೆ ಬೇಕಾದಷ್ಟು ಅಥವಾ ಅದಕ್ಕಿಂತ ಎಷ್ಟು ಹೆಚ್ಚಿದ್ದರೂ ನಡೆಯುತ್ತದೆ. ಚೀಟಿಯ ಮೇಲಿನ ಆಂಪಿಯರ್ ಅಡಾಪ್ಟರ್ ಕೊಡಬಲ್ಲ ಗರಿಷ್ಠ ಮಿತಿ. ವೋಲ್ಟ್ ಸರಿಯಿದ್ದರೆ ಸರ ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ.

ಹಳೆಯ, ಭಾರವಾದ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರುಗಳ ವಿಷಯದಲ್ಲಿ ಎಚ್ಚರ ಬೇಕು. ಅವುಗಳಲ್ಲಿ ಅನೇಕವು ವೋಲ್ಟೇಜನ್ನು ಸ್ಥಿರವಾಗಿ ಹಿಡಿದಿಡುವುದಿಲ್ಲ. ಚೀಟಿಯಲ್ಲಿ ಬರೆದ ವೋಲ್ಟ್ ಪೂರ್ತಿ ಹೊರೆ ಇದ್ದಾಗ ಮಾತ್ರ ಬರುತ್ತದೆ. ನನ್ನ ಬಳಿಯಿದ್ದ 4.5 ವೋಲ್ಟಿನ ಒಂದು ಹಳೆಯ ಅಡಾಪ್ಟರ್ ಹೊರೆಯಿಲ್ಲದಾಗ 6.8 ವೋಲ್ಟ್ ತೋರಿಸುತ್ತಿತ್ತು, ಸರ ಸೇರಿಸಿದ ಮೇಲೂ 6ಕ್ಕಿಂತ ಕೆಳಗೆ ಇಳಿಯಲಿಲ್ಲ. ಆದ್ದರಿಂದ ಯಾವ ಅಡಾಪ್ಟರನ್ನೇ ಆಗಲಿ ಸರಕ್ಕೆ ಸೇರಿಸುವ ಮೊದಲು ಮೀಟರಿನಿಂದ ಅಳೆದು ನೋಡಬೇಕು. ಚೀಟಿಯ ಅಂಕಿಗೂ ಮೀಟರಿನ ಅಂಕಿಗೂ ಅಷ್ಟೇನೂ ವ್ಯತ್ಯಾಸವಿಲ್ಲದಿದ್ದರೆ ಅದು ಈ ಕಾಲದ ಸ್ವಿಚಿಂಗ್ ಅಡಾಪ್ಟರ್, ನಿಶ್ಚಿಂತೆಯಿಂದ ಬಳಸಬಹುದು.

ಎರಡು ಸೆಲ್ಲಿಗೆ 3 ವೋಲ್ಟ್, ಮೂರು ಸೆಲ್ಲಿಗೆ 4.5 ವೋಲ್ಟ್ ಕೊಡುವ ಸ್ವಿಚಿಂಗ್ ಅಡಾಪ್ಟರ್ ಸಿಕ್ಕಿದರೆ ಮುಂದಿನ ಹೆಜ್ಜೆಯ ಅಗತ್ಯವೇ ಇಲ್ಲ. ಮೀಟರ್ ಇಲ್ಲದವರಿಗೂ ಇದೇ ಸುರಕ್ಷಿತ ದಾರಿ. ಸ್ವಿಚ್ ಸರಿಸಿ 3ರಿಂದ 12 ವೋಲ್ಟಿನವರೆಗೆ ಬದಲಾಯಿಸಬಹುದಾದ ಅಡಾಪ್ಟರುಗಳೂ ಸಿಗುತ್ತವೆ. ಬಳಸಬಹುದು, ಆದರೆ ಮಕ್ಕಳು ಅಥವಾ ಮನೆ ಗುಡಿಸುವವರು ಆ ಸ್ವಿಚ್ಚನ್ನು ತಿಳಿಯದೆ ಸರಿಸುವ ಸಾಧ್ಯತೆ ಇರುವುದರಿಂದ, ಅದರ ಮೇಲೆ ಟೇಪ್ ಸುತ್ತಿಡುವುದು ಕಡ್ಡಾಯ.

ನಾಲ್ಕನೆಯ ಹೆಜ್ಜೆ: 5 ವೋಲ್ಟಿನ ಚಾರ್ಜರೇ ಇದ್ದರೆ

ಮನೆಯಲ್ಲಿ ಸುಲಭವಾಗಿ ಸಿಗುವುದು ಯುಎಸ್‌ಬಿ ಚಾರ್ಜರ್. ಅದು 5 ವೋಲ್ಟನ್ನು ಸ್ಥಿರವಾಗಿ ಕೊಡುತ್ತದೆ. ವೇಗದ ಚಾರ್ಜಿಂಗ್ ಇರುವ ಚಾರ್ಜರುಗಳೂ ಫೋನು ಕೇಳದ ಹೊರತು 5 ವೋಲ್ಟಿನಲ್ಲೇ ಇರುತ್ತವೆ. ಆಯತಾಕಾರದ ಹಳೆಯ ಯುಎಸ್‌ಬಿ-ಎ ಕಿಂಡಿ ಇರುವ ಚಾರ್ಜರನ್ನು ಆರಿಸಿಕೊಳ್ಳಿ. ಟೈಪ್-ಸಿ ಕಿಂಡಿಯ ಚಾರ್ಜರ್ ಎದುರಿನ ಉಪಕರಣದಲ್ಲಿ 5.1 ಕಿಲೋ-ಓಮ್ ರೆಸಿಸ್ಟರ್ ಇದೆಯೇ ಎಂದು ಪರೀಕ್ಷಿಸಿದ ಮೇಲೆಯೇ ವಿದ್ಯುತ್ ಬಿಡುತ್ತದೆ. ಬರಿ ಎರಡು ವೈರ್ ಸೇರಿಸಿದರೆ ಅಲ್ಲಿಂದ ಏನೂ ಹೊರಬರುವುದಿಲ್ಲ. ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿದಾಗ ಒಳಗೆ ಸಾಮಾನ್ಯವಾಗಿ ಕೆಂಪು ವೈರ್ ಧನ, ಕಪ್ಪು ವೈರ್ ಋಣ; ಬಿಳಿ ಮತ್ತು ಹಸಿರು ವೈರುಗಳು ಮಾಹಿತಿಗೆ ಸಂಬಂಧಿಸಿದವು, ಅವನ್ನು ಬೇರೆ ಬೇರೆಯಾಗಿ ಟೇಪ್ ಸುತ್ತಿ ಮಡಿಸಿಡಿ. ಬಣ್ಣಗಳನ್ನು ಪೂರ್ತಿ ನಂಬದೆ ಮೀಟರಿನಿಂದ ಖಚಿತಪಡಿಸಿಕೊಳ್ಳಿ.

ಮೂರು ಸೆಲ್ಲಿನ ಸರಕ್ಕೆ 5 ವೋಲ್ಟ್ ತುಸು ಹೆಚ್ಚು. ಧನ ವೈರಿನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಎಂಬ ಒಂದು ಡಯೋಡನ್ನು ಸೇರಿಸಿದರೆ ಅದು ಸುಮಾರು 0.7 ವೋಲ್ಟನ್ನು ತಾನೇ ಹಿಡಿದುಕೊಂಡು 4.3 ವೋಲ್ಟನ್ನು ಮುಂದೆ ಬಿಡುತ್ತದೆ. ಮೇಲಿನ ಉದಾಹರಣೆಯ ಸರದಲ್ಲಿ ಆಗ ಕರೆಂಟ್ 70 ಮಿಲಿಆಂಪಿಯರ್, ಅಂದರೆ ಕೆಲವು ದಿನ ಬಳಸಿದ ಸೆಲ್ಲಿನ ಮಟ್ಟ. ಕಣ್ಣಿಗೆ ಹಿತವಾದ ಬೆಳಕು, ದೀಪಗಳಿಗೂ ಆಯಾಸವಿಲ್ಲ. ಡಯೋಡಿನ ಬೆಳ್ಳಿ ಪಟ್ಟಿ ಸರದ ಕಡೆಗೆ ಇರಬೇಕು. ಇದಕ್ಕೆ ಇನ್ನೊಂದು ಪ್ರಯೋಜನವೂ ಉಂಟು: ಅಡಾಪ್ಟರಿನ ವೈರುಗಳು ಅಕಸ್ಮಾತ್ತಾಗಿ ಅದಲುಬದಲಾದರೆ ಡಯೋಡ್ ಕರೆಂಟನ್ನು ತಡೆಯುತ್ತದೆ.

ಎರಡು ಸೆಲ್ಲಿನ ಸಾದಾ ಸರಕ್ಕೆ ರೆಸಿಸ್ಟರ್ ಹಾಕುವುದು ಸರಳ ಉಪಾಯ. ಇಳಿಸಬೇಕಾದ ವೋಲ್ಟನ್ನು ಆಂಪಿಯರಿನಲ್ಲಿರುವ ಕರೆಂಟಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. 5ರಿಂದ 3ಕ್ಕೆ ಇಳಿಸಬೇಕು, ಅಂದರೆ 2 ವೋಲ್ಟ್. ಅಳೆದ ಕರೆಂಟ್ 0.06 ಆಂಪಿಯರ್; ಉತ್ತರ 33 ಓಮ್. ಶಾಖವನ್ನು ಕಂಡುಹಿಡಿಯಲು ಅದೇ ಎರಡು ಅಂಕಿಗಳನ್ನು ಗುಣಿಸಿ: 0.12 ವ್ಯಾಟ್. ಇದಕ್ಕೆ ಕಾಲು ವ್ಯಾಟಿನ ರೆಸಿಸ್ಟರ್ ಲೆಕ್ಕದಲ್ಲಿ ಸಾಕಾದರೂ ಅರ್ಧ ವ್ಯಾಟಿನದನ್ನೇ ಹಾಕಿ, ಮುಟ್ಟಿದರೆ ಬರಿ ಬೆಚ್ಚಗಿರುತ್ತದೆ. ಗುಂಡಿ ಸೆಲ್ಲಿನ ಸರಕ್ಕೂ ಇದೇ ಲೆಕ್ಕ. ಅಲ್ಲಿ ಎಲ್‌ಇಡಿಗೆ 3 ವೋಲ್ಟ್ ಎಂದು ಹಿಡಿದು, ಅಳೆದ ಕರೆಂಟಿಗಿಂತ ಸ್ವಲ್ಪ ಕಡಿಮೆ, 30 ಮಿಲಿಆಂಪಿಯರ್ ಎಂದುಕೊಂಡರೆ, 68 ಓಮ್ ಸರಿಯಾಗುತ್ತದೆ. ಗುಂಡಿ ಸೆಲ್ ನುಂಗಿದ ಮಗುವಿನ ಅನ್ನನಾಳಕ್ಕೆ ಕೆಲವೇ ಗಂಟೆಗಳಲ್ಲಿ ತೀವ್ರ ಗಾಯವಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವನ್ನು ಸರದಿಂದ ತೆಗೆದುಹಾಕಲು ಈ ಒಂದು ಕಾರಣವೇ ಸಾಕು.

ರಿಮೋಟ್ ಅಥವಾ ಟೈಮರ್ ಇರುವ ಡಬ್ಬಿಗೆ ಮಾತ್ರ ಈ ರೆಸಿಸ್ಟರ್ ಉಪಾಯ ಸಲ್ಲದು. ರೆಸಿಸ್ಟರ್ ವೋಲ್ಟನ್ನು ಇಳಿಸುವುದು ಕರೆಂಟ್ ಹರಿಯುವಾಗ ಮಾತ್ರ. ದೀಪಗಳು ಆರಿದ್ದು ಚಿಪ್ ಒಂದೇ ಎಚ್ಚರವಾಗಿರುವಾಗ ಕರೆಂಟ್ ಇಲ್ಲವೆಂಬಷ್ಟು ಕಡಿಮೆ, ಆಗ 3 ವೋಲ್ಟಿಗೆ ಮಾಡಿದ ಚಿಪ್ಪಿನ ಮೇಲೆ ಹೆಚ್ಚುಕಡಿಮೆ ಪೂರ್ತಿ 5 ವೋಲ್ಟ್ ಬಂದು ಕೂರುತ್ತದೆ. ಮಿನುಗುವಾಗಲೂ ವೋಲ್ಟೇಜ್ ಮೇಲೆ ಕೆಳಗೆ ಜಿಗಿದು ಚಿಪ್ ತಬ್ಬಿಬ್ಬಾಗಬಹುದು. ಅಂಥ ಡಬ್ಬಿಗೆ ವೋಲ್ಟೇಜನ್ನು ಸ್ಥಿರವಾಗಿ ಹಿಡಿದಿಡುವ ರೆಗ್ಯುಲೇಟರ್ ಬೇಕು. ಎಎಂಎಸ್1117 ಎಂಬ ಚಿಪ್ಪಿನ 3.3 ವೋಲ್ಟಿನ ಸಣ್ಣ ಬೋರ್ಡು 5 ವೋಲ್ಟ್ ತೆಗೆದುಕೊಂಡು 3.3 ವೋಲ್ಟ್ ಕೊಡುತ್ತದೆ. ಎರಡು ಹೊಚ್ಚ ಹೊಸ ಆಲ್ಕಲೈನ್ ಸೆಲ್‌ಗಳು 3.2 ವೋಲ್ಟಿನವರೆಗೆ ಕೊಡುವುದರಿಂದ ಇದು ಸಹಿಸಬಹುದಾದ ಅಂತರ. ಆದರೂ ಸೇರಿಸಿದ ಮೇಲೆ ಕರೆಂಟನ್ನು ಅಳೆದು, ಹೆಚ್ಚು ಕಂಡರೆ, ಡಬ್ಬಿಯಾಚೆ ಸರಕ್ಕೆ ಹೋಗುವ ಒಂದು ತಂತಿಯಲ್ಲಿ ಕೆಲವೇ ಓಮ್‌ನ ರೆಸಿಸ್ಟರ್ ಸೇರಿಸಿ. ತಿರುಪು ತಿರುಗಿಸಿ ವೋಲ್ಟ್ ಹೊಂದಿಸುವ ಸ್ಟೆಪ್-ಡೌನ್ ಬೋರ್ಡುಗಳೂ ಒಳ್ಳೆಯವೇ. ಅವುಗಳ ಔಟ್‌ಪುಟ್ ಅನ್ನು ಸರ ಸೇರಿಸುವ ಮೊದಲೇ ಮೀಟರ್ ಹಿಡಿದು 3 ವೋಲ್ಟಿಗೆ ತಂದುಕೊಳ್ಳಬೇಕು, ಏಕೆಂದರೆ ಹೊಸ ಬೋರ್ಡು ಯಾವ ವೋಲ್ಟಿನಲ್ಲಿ ನಿಂತಿರುತ್ತದೆ ಎಂದು ಹೇಳಲಾಗದು. ಬಹಳ ಹೆಸರಾದ ಎಲ್‌ಎಂ317 ಈ ಕೆಲಸಕ್ಕೆ ಬಾರದು. ಅದಕ್ಕೇ ಸುಮಾರು 2 ವೋಲ್ಟ್ ಖರ್ಚಾಗುವುದರಿಂದ 5ರಿಂದ 3ಕ್ಕೆ ಇಳಿಸುವಲ್ಲಿ ಅದು ಸ್ಥಿರವಾಗಿ ನಿಲ್ಲುವುದಿಲ್ಲ.

ಐದನೆಯ ಹೆಜ್ಜೆ: ಜೋಡಣೆ

ಮೊದಲ ಕೆಲಸ, ಡಬ್ಬಿಯಿಂದ ಸೆಲ್‌ಗಳನ್ನು ಪೂರ್ತಿಯಾಗಿ ತೆಗೆದುಬಿಡುವುದು. ಸೆಲ್ ಇರುವಾಗಲೇ ಅಡಾಪ್ಟರ್ ಸೇರಿಸಿದರೆ ಅದು ಸೆಲ್‌ಗಳನ್ನು ಚಾರ್ಜ್ ಮಾಡಲು ಹೊರಡುತ್ತದೆ. ರೀಚಾರ್ಜ್ ಮಾಡಲಾಗದ ಆಲ್ಕಲೈನ್ ಸೆಲ್ ಆಗ ಬಿಸಿಯಾಗಿ ಸೋರಬಹುದು, ಒಡೆಯಲೂಬಹುದು. ಕರೆಂಟ್ ಹೋದಾಗ ಉರಿಯಲಿ ಎಂದು ಒಂದೆರಡು ಸೆಲ್ ಒಳಗೇ ಬಿಡುವ ಆಸೆ ಬೇಡ.

ಬೆಸುಗೆ ಹಾಕಲು ಬಾರದವರಿಗೆ ನಕಲಿ ಸೆಲ್ಲಿನ ವಿಧಾನ ಅನುಕೂಲ. ಪೆನ್‌ಸೆಲ್ಲಿನ ಅಳತೆ 14.5 ಮಿಲಿಮೀಟರ್ ದಪ್ಪ, ಸುಮಾರು 50 ಮಿಲಿಮೀಟರ್ ಉದ್ದ. ಅದೇ ಗಾತ್ರದ ಮರದ ಕಡ್ಡಿಯ ಎರಡು ತುದಿಗೂ ಹಿತ್ತಾಳೆಯ ಡ್ರಾಯಿಂಗ್ ಪಿನ್ ಚುಚ್ಚಿ, ಪಿನ್ನಿನ ತಲೆಯ ಅಡಿಯಲ್ಲಿ ವೈರಿನ ಬೋಳು ತುದಿಯನ್ನು ಸುತ್ತಿ ಒತ್ತಿ. ಒಂದು ತುದಿಗೆ ಅಡಾಪ್ಟರಿನ ಧನ, ಇನ್ನೊಂದಕ್ಕೆ ಋಣ. ಎರಡೂ ಪಿನ್ನುಗಳ ಮೊನೆ ಮರದೊಳಗೆ ಒಂದನ್ನೊಂದು ಮುಟ್ಟಬಾರದು. ಸೆಲ್ಲಿನ ಧನ ಇರುತ್ತಿದ್ದ ಕಡೆಗೇ ಕಡ್ಡಿಯ ಧನ ಬರುವಂತೆ ಒಂದು ಸೆಲ್ಲಿನ ಜಾಗದಲ್ಲಿ ಇದನ್ನು ಕೂರಿಸಿ. ಉಳಿದ ಜಾಗಗಳಿಗೆ ಅದೇ ಬಗೆಯ ಕಡ್ಡಿಗಳನ್ನು ಹಾಕಿ, ಆದರೆ ಅವುಗಳಲ್ಲಿ ಎರಡು ತುದಿಗಳನ್ನೂ ಒಂದೇ ವೈರಿನಿಂದ ಸೇರಿಸಿಬಿಡಬೇಕು. ಅವು ಬರಿ ಸೇತುವೆಗಳು. ಸೆಲ್‌ಗಳು ಸೀರೀಸ್‌ನಲ್ಲಿರುವ ಡಬ್ಬಿಗೆ ಮಾತ್ರ ಈ ಸೇತುವೆ ಸಲ್ಲುತ್ತದೆ. ಇಂಥ ನಕಲಿ ಸೆಲ್‌ಗಳು ವೈರ್ ಸಮೇತ ಸಿದ್ಧವಾಗಿಯೂ ಸಿಗುತ್ತವೆ.

ಬೆಸುಗೆ ಬಲ್ಲವರು ಗುರುತು ಹಾಕಿದ ಎರಡು ಕೊನೆಯ ತಗಡುಗಳಿಗೆ ವೈರನ್ನು ನೇರವಾಗಿ ಬೆಸೆಯಬಹುದು. ತಗಡನ್ನು ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಿ, ಬಿಸಿಯನ್ನು ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿಯದಿರಿ; ಇಲ್ಲದಿದ್ದರೆ ಸುತ್ತಲಿನ ಪ್ಲಾಸ್ಟಿಕ್ ಕರಗಿ ತಗಡು ಸಡಿಲವಾಗುತ್ತದೆ. ಡಯೋಡ್ ಅಥವಾ ರೆಸಿಸ್ಟರನ್ನು ಸೆಲ್ ಇದ್ದ ಖಾಲಿ ಜಾಗದಲ್ಲೇ ಮಲಗಿಸಿ, ಮೇಲೆ ಹೀಟ್‌ಶ್ರಿಂಕ್ ಕೊಳವೆ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವಂಥದ್ದು) ಹೊದಿಸಿ. ವೈರ್ ಹೊರಬರುವಲ್ಲಿ ಡಬ್ಬಿಯ ಅಂಚನ್ನು ಸ್ವಲ್ಪ ಕೊರೆದು, ಒಳಬದಿಯಲ್ಲಿ ವೈರಿಗೆ ಒಂದು ಗಂಟು ಹಾಕಿದರೆ ಯಾರಾದರೂ ಎಡವಿ ವೈರ್ ಎಳೆದಾಗ ಬೆಸುಗೆ ಕೀಳುವುದಿಲ್ಲ.

ಆರನೆಯ ಹೆಜ್ಜೆ: ಪರೀಕ್ಷೆ

ಸರವನ್ನು ಸುರುಳಿ ಬಿಚ್ಚಿ, ಸುಡದ ನೆಲದ ಮೇಲೆ ಹರಡಿ. ಅಡಾಪ್ಟರನ್ನು ಸಾಕೆಟ್‌ಗೆ ಹಾಕಿ, ಸ್ವಿಚ್ ಒತ್ತಿ, ಬೆಳಕು ಹೊಸ ಸೆಲ್ಲಿನಲ್ಲಿ ಕಂಡಂತೆಯೇ ಇದೆಯೇ ನೋಡಿ. ಬಿಳಿ ಬೆಳಕು ನೀಲಿಗೆ ತಿರುಗಿ ಕಣ್ಣಿಗೆ ಕುಕ್ಕುವಂತಿದ್ದರೆ ಕೂಡಲೇ ಆರಿಸಿ, ಕರೆಂಟ್ ಹೆಚ್ಚಾಗಿದೆ. ಏನೂ ಉರಿಯದಿದ್ದರೆ ಧನ-ಋಣ ಅದಲುಬದಲಾಗಿದೆಯೇ ಎಂದು ಮೊದಲು ಪರಿಶೀಲಿಸಿ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಉರಿಯುತ್ತದೆ, ಉಲ್ಟಾ ವೋಲ್ಟೇಜನ್ನು ಅದು ಸುಮಾರು 5 ವೋಲ್ಟಿನವರೆಗೆ ಮಾತ್ರ ತಡೆದೀತು. ಹದಿನೈದು ನಿಮಿಷ ಉರಿದ ಮೇಲೆ ಡಬ್ಬಿ, ರೆಸಿಸ್ಟರ್, ಅಡಾಪ್ಟರ್ ಮೂರನ್ನೂ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಲೆಕ್ಕ ತಪ್ಪಿದೆ. ಕೊನೆಯಲ್ಲಿ ಎರಡನೆಯ ಹೆಜ್ಜೆಯ ಅಳತೆಯನ್ನು ಮತ್ತೆ ಮಾಡಿ, ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಿ.

ಹಲವು ಸರಗಳು, ದೂರದ ಸರಗಳು

ಒಂದೇ ಅಡಾಪ್ಟರಿನಿಂದ ಹಲವು ಸರಗಳನ್ನು ಉರಿಸಬೇಕಾದರೆ ಅವನ್ನೆಲ್ಲ ಪ್ಯಾರಲಲ್ ಆಗಿ ಸೇರಿಸಿ, ಪ್ರತಿಯೊಂದಕ್ಕೂ ಅದರದೇ ಡಬ್ಬಿ ಅಥವಾ ರೆಸಿಸ್ಟರ್ ಉಳಿಸಿಕೊಳ್ಳಿ. 60 ಮಿಲಿಆಂಪಿಯರಿನ ಐದು ಸರಗಳಿಗೆ ಒಟ್ಟು 300 ಮಿಲಿಆಂಪಿಯರ್. ಅರ್ಧ ಆಂಪಿಯರಿನ ಅಡಾಪ್ಟರ್ ಸಾಕು. ದೊಡ್ಡ ಚಾರ್ಜರ್ ಬಳಸುವವರು ಒಂದು ಮಾತನ್ನು ಗಮನಿಸಬೇಕು. 2 ಆಂಪಿಯರ್ ಕೊಡಬಲ್ಲ ಚಾರ್ಜರಿನ ಮುಂದೆ ಕೂದಲೆಳೆಯಂಥ ತಾಮ್ರದ ತಂತಿ ಎಲ್ಲಾದರೂ ಶಾರ್ಟ್ ಆದರೆ ಆ ತಂತಿ ಕೆಂಪಗೆ ಕಾಯಬಲ್ಲದು. ಪ್ರತಿ ಸರದ ಧನ ವೈರಿನಲ್ಲಿ 250 ಮಿಲಿಆಂಪಿಯರಿನ ಒಂದು ಪಾಲಿಫ್ಯೂಸ್ ಹಾಕಿದರೆ ಅದು ಕರೆಂಟನ್ನು ತಾನಾಗಿ ಕಡಿತಗೊಳಿಸಿ, ದೋಷ ಸರಿಪಡಿಸಿದ ಮೇಲೆ ತಾನಾಗಿಯೇ ಮೊದಲಿನಂತಾಗುತ್ತದೆ. ಪರದೆ, ಒಣ ಹೂವು, ಹತ್ತಿ ಬಟ್ಟೆಗಳ ಮೇಲೆ ಸರ ಹಾಕುವವರು ಇದನ್ನು ಬಿಡಬಾರದು.

ಅಡಾಪ್ಟರಿನಿಂದ ಸರ ದೂರವಿದ್ದರೆ ವೈರಿನ ದಪ್ಪ ಮುಖ್ಯವಾಗುತ್ತದೆ. 0.2 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.085 ಓಮ್ ರೋಧ. ಹತ್ತು ಮೀಟರ್ ದೂರಕ್ಕೆ ಹೋಗಿ ಬರುವ ವೈರ್ ಇಪ್ಪತ್ತು ಮೀಟರ್, ಅಂದರೆ 1.7 ಓಮ್, 200 ಮಿಲಿಆಂಪಿಯರ್ ಹರಿದರೆ ದಾರಿಯಲ್ಲೇ 0.34 ವೋಲ್ಟ್ ಕಳೆದುಹೋಗುತ್ತದೆ. 3 ವೋಲ್ಟಿನ ಸರಕ್ಕೆ ಅದು ಕಣ್ಣಿಗೆ ಕಾಣುವ ನಷ್ಟ. 0.5 ಚದರ ಮಿಲಿಮೀಟರಿನ ವೈರ್ ಹಾಕಿ, ಇಲ್ಲವೇ 5 ವೋಲ್ಟನ್ನು ಸರದ ಬುಡದವರೆಗೆ ಒಯ್ದು ಅಲ್ಲಿ ರೆಗ್ಯುಲೇಟರ್ ಇಡಿ.

ಹೊರಗೆ, ಅಂಗಳದಲ್ಲಿ ಸರ ಹಾಕುವಾಗ ಅಡಾಪ್ಟರನ್ನು ಮನೆಯೊಳಗೇ ಇಟ್ಟು ಕಡಿಮೆ ವೋಲ್ಟಿನ ವೈರನ್ನು ಮಾತ್ರ ಹೊರಗೆ ಎಳೆಯಿರಿ. ಸರದ ದೀಪಗಳಿಗೆ ಐಪಿ44 ಅಥವಾ ಐಪಿ65 ಎಂಬ ನೀರು-ಧೂಳಿನ ರಕ್ಷಣೆಯ ಗುರುತು ಬರೆದಿದ್ದರೂ ಬ್ಯಾಟರಿ ಡಬ್ಬಿಗೆ, ಅದರಲ್ಲೂ ನಾವು ರಂಧ್ರ ಕೊರೆದ ಡಬ್ಬಿಗೆ, ಆ ರಕ್ಷಣೆ ಅನ್ವಯಿಸುವುದಿಲ್ಲ. ಅದನ್ನು ಮಳೆ ತಾಗದ ಕಡೆ, ವೈರ್ ಕೆಳಮುಖವಾಗಿ ಇಳಿಯುವಂತೆ ಕಟ್ಟಬೇಕು.

ಡಬ್ಬಿಯಲ್ಲೇ ಆರು ಗಂಟೆ ಉರಿದು ಹದಿನೆಂಟು ಗಂಟೆ ಆರಿರುವ ಟೈಮರ್ ಇದ್ದರೆ ಅಡಾಪ್ಟರಿನಲ್ಲೂ ಅದು ನಡೆಯುತ್ತದೆ. ಆದರೆ ಕರೆಂಟ್ ಹೋಗಿ ಬಂದರೆ ಅದರ ಲೆಕ್ಕ ಅಳಿಸಿಹೋಗುತ್ತದೆ, ಕೆಲವು ಡಬ್ಬಿಗಳಲ್ಲಿ ಗುಂಡಿಯನ್ನು ಮತ್ತೆ ಒತ್ತುವವರೆಗೂ ದೀಪ ಬೆಳಗುವುದೇ ಇಲ್ಲ. ಗೋಡೆಯ ಸಾಕೆಟ್‌ಗೆ ಹಾಕುವ ಟೈಮರ್ ಕೊಳ್ಳುವ ಯೋಚನೆ ಇರುವವರು ಮೊದಲು ಅಡಾಪ್ಟರನ್ನು ಕಿತ್ತು ಮತ್ತೆ ಚುಚ್ಚಿ ಸರ ತಾನಾಗಿ ಉರಿಯುತ್ತದೆಯೇ ಎಂದು ನೋಡಿಕೊಳ್ಳಿ; ಸ್ವಿಚ್ ಸರಿಸಿ ಉರಿಸುವ ಸಾದಾ ಡಬ್ಬಿಯಾದರೆ ಈ ತೊಡಕಿಲ್ಲ. ಎಲ್ಲ ಸರಿಹೋದ ಮೇಲೆ ಅಡಾಪ್ಟರಿನ ಮೇಲೆ "3 ವೋಲ್ಟ್, ಕಿಟಕಿಯ ಸರಕ್ಕೆ ಮಾತ್ರ" ಎಂಬಂಥ ಚೀಟಿಯನ್ನೂ, ಡಬ್ಬಿಯ ಮುಚ್ಚಳದ ಮೇಲೆ "ಸೆಲ್ ಹಾಕಬಾರದು" ಎಂಬ ಚೀಟಿಯನ್ನೂ ಅಂಟಿಸಿ.